ಗೋವಿನಜೋಳದ ಪಿಷ್ಟದಿಂದ ತಿನ್ನಬಹುದಾದ ಹೊದಿಕೆ ಹಾಳೆ ಮಾಡುವ ಕ್ರಮ

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಬೂದಾಣಿ ಸಂಡಿಗೆ ಹಾಕಿದವರಿಗೆ ಪಿಷ್ಟದ ಹಾಳೆಯ ಗುಟ್ಟು ಅರ್ಧ ಗೊತ್ತಿರುತ್ತದೆ. ಬೆಂದ ಗಂಜಿ ತೆಳ್ಳಗೆ ಒಣಗಿದರೆ ಬೆಳಕು ಹಾಯುವ ಪದರವಾಗುತ್ತದೆ. ಆ ಪದರ ಸಂಡಿಗೆಯಂತೆ ಚಟ್ಟನೆ ಮುರಿಯದೆ ಕಾಗದದಂತೆ ಮಡಚಿಕೊಳ್ಳಬೇಕಾದರೆ ಗಂಜಿಗೆ ಗ್ಲಿಸರಿನ್ ಬೆರೆಯಬೇಕು.

ದೊಡ್ಡ ತಟ್ಟೆಯಗಲದ ಒಂದು ಹಾಳೆಗೆ 5 ಗ್ರಾಂ ಪಿಷ್ಟ, 100 ಮಿಲಿಲೀಟರ್ ನೀರು ಮತ್ತು 1.5 ಗ್ರಾಂ ಗ್ಲಿಸರಿನ್ ಸಾಕು. ಹಾವೇರಿಯ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಗೋವಿನಜೋಳದಿಂದ ಬೇರ್ಪಡಿಸಿ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ಬಿಳಿಯ ಪುಡಿಯೇ ಈ ಪಿಷ್ಟ. ಗಿರಣಿಯಲ್ಲಿ ಬೀಸಿದ ಹಳದಿ ಹಿಟ್ಟಿನಲ್ಲಿ ಸಿಪ್ಪೆ, ಎಣ್ಣೆ ಎರಡೂ ಇರುವುದರಿಂದ ಅದು ಬೇಡ. ಗ್ಲಿಸರಿನ್ ಆಹಾರ ದರ್ಜೆಯದೇ ಆಗಿರಬೇಕು. ಚರ್ಮಕ್ಕೆ ಹಚ್ಚುವುದನ್ನು ಖಂಡಿತ ಬಳಸಬಾರದು.

ಪಿಷ್ಟವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಗ್ಲಿಸರಿನ್ ಸೇರಿಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುವಬೇಕು. ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ: ಹಾಲಿನಂತಿದ್ದ ದ್ರವ ನೋಡನೋಡುತ್ತಲೇ ಅರೆಪಾರದರ್ಶಕವಾಗುತ್ತದೆ, ಸೌಟು ಹಿಡಿದ ಕೈಗೆ ಒಮ್ಮೆಲೇ ಭಾರ ತಿಳಿಯುತ್ತದೆ. ಅಲ್ಲಿಗೇ ಇಳಿಸಬಾರದು, 85ರಿಂದ 90 ಡಿಗ್ರಿಯಲ್ಲಿ ಇನ್ನೂ ಹತ್ತು ನಿಮಿಷ ಬೇಯಿಸಿದರೆ ಮಾತ್ರ ಹಾಳೆ ಏಕರೂಪವಾಗಿ ಬರುತ್ತದೆ. ಬಿಸಿ ಇರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ, ಒಳಗಿನ ಗುಳ್ಳೆಗಳು ಮೇಲೆದ್ದು ಹೋಗುವವರೆಗೆ ತಡೆದು, ನಾನ್‌ಸ್ಟಿಕ್ ತಟ್ಟೆಯಲ್ಲಿ ಎರಡು ಮಿಲಿಮೀಟರ್‌ನಷ್ಟು ದಪ್ಪಕ್ಕೆ ಸುರಿಯಬೇಕು. ತಟ್ಟೆ ಸಮನಾಗಿ ಕೂರದಿದ್ದರೆ ಹಾಳೆಯ ಒಂದು ಬದಿ ದಪ್ಪವಾಗಿ, ಇನ್ನೊಂದು ಬದಿ ಹರಿದುಹೋಗುತ್ತದೆ.

ಒಣಗಿಸುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ನೇರ ಬಿಸಿಲಿನಲ್ಲಿಟ್ಟರೆ ಮೇಲ್ಪದರ ಮೊದಲು ಬಿಗಿದು ಅಂಚು ಸುರುಳಿಯಾಗುತ್ತದೆ; ಗಾಳಿಯಾಡುವ ನೆರಳೇ ಸರಿ, ಒಂದೆರಡು ದಿನ ಬೇಕು. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ನಾನು ಮಾಡಿದ ಮೊದಲ ಹಾಳೆ ಮೂರನೆಯ ದಿನವೂ ಅಂಟುತ್ತಿತ್ತು, ನಾಲ್ಕನೆಯ ದಿನ ಬೂಜು ಬಂದಿತ್ತು. ಅದೇ ಅಳತೆಯ ಹಾಳೆ ಗದಗದ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಮಡಚಿದಲ್ಲೇ ಸೀಳಿತು. ಆದ್ದರಿಂದ ಬೇಸಿಗೆಯಲ್ಲಿ ಗ್ಲಿಸರಿನ್ ಅನ್ನು 2 ಗ್ರಾಂವರೆಗೆ ಹೆಚ್ಚಿಸಬೇಕು, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಈ ಹಾಳೆ ಎಣ್ಣೆಯನ್ನು ಚೆನ್ನಾಗಿ ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಮೊಸರು, ಚಟ್ನಿ, ಗಿರ್ಮಿಟ್‌ಗೆ ಇದು ಒಗ್ಗದು; ಬ್ಯಾಡಗಿ ಮೆಣಸಿನಪುಡಿಗೆ, ಬಿಡಿಬಿಡಿ ಪೇಡೆಗೆ ಚೆನ್ನಾಗಿ ಒಪ್ಪುತ್ತದೆ. ಅಂಚನ್ನು ಒದ್ದೆ ಬೆರಳಿನಿಂದ ಸವರಿ ಒತ್ತಿದರೆ ಪೊಟ್ಟಣ ಅಂಟಿಕೊಳ್ಳುತ್ತದೆ, ಮತ್ತು ಮಸಾಲೆಯ ಪೊಟ್ಟಣವನ್ನು ಕುದಿಯುವ ಸಾರಿಗೆ ಹಾಗೆಯೇ ಹಾಕಿದರೆ ಹಾಳೆ ಮೆತ್ತಗಾಗಿ ಸಾರಿನಲ್ಲೇ ಬೆರೆಯುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾಗಿರುವ ಪ್ಲಾಸ್ಟಿಕ್ ವಸ್ತುಗಳಲ್ಲಿ ಸಿಹಿತಿಂಡಿಯ ಡಬ್ಬಿಗೆ ಸುತ್ತುವ ಹಾಳೆಯೂ ಸೇರಿದೆ; ಆದರೆ ತಿನ್ನುವ ಹಾಳೆಯನ್ನು ಡಬ್ಬಿಯ ಹೊರಗೆ ಸುತ್ತಿ ಧೂಳಿಗೆ ಒಡ್ಡಬಾರದು. ಪ್ರತಿ ಪೇಡೆಗೆ ಅದನ್ನು ಸುತ್ತಿ, ಹೊರಗೆ ಕಾಗದದ ಡಬ್ಬಿ ಇಡಬೇಕು. ದಿನ ಕಳೆದಂತೆ ಪಿಷ್ಟ ತಾನಾಗಿ ಬಿರುಸಾಗುವುದರಿಂದ, ಹಾಳೆಗಳನ್ನು ಬೇಕಾದಷ್ಟೇ ಮಾಡಿ ಎರಡು ವಾರದೊಳಗೆ ಬಳಸುವುದು ಒಳ್ಳೆಯದು.