ಉಬ್ಬಬಾರದ ಹಿಟ್ಟು: ಮನೆಯಲ್ಲಿ ಪೆಸಹಾ ಅಪ್ಪಂ ಮಾಡುವ ಬಗೆ

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ರಾತ್ರಿ ಕೇರಳ ಮೂಲದ ಸುರಿಯಾನಿ (ಸಿರಿಯನ್) ಕ್ರೈಸ್ತರ ಮನೆಗಳಲ್ಲಿ ಬೇಯುವ ಪೆಸಹಾ ಅಪ್ಪಂ ಸಾಮಗ್ರಿಯ ಲೆಕ್ಕದಲ್ಲಿ ಇಡ್ಲಿಗಿಂತ ಬಹಳ ಬೇರೆಯಲ್ಲ. ಅಕ್ಕಿ, ಉದ್ದು, ಉಪ್ಪು, ಜೊತೆಗೆ ಒಂದಿಷ್ಟು ತೆಂಗಿನಕಾಯಿ. ಅದು ಕೆಡುವುದು ಈ ಸಾಮ್ಯದಿಂದಲೇ. ಹಿಟ್ಟನ್ನು ರಾತ್ರಿಯಿಡೀ ಹುದುಗಿಸಿ ಅಭ್ಯಾಸವಾದವರು ಇದನ್ನೂ ಬುಧವಾರ ರಾತ್ರಿಯೇ ರುಬ್ಬಿ ಮುಚ್ಚಿಡುತ್ತಾರೆ, ಇಲ್ಲವೇ ಬೆಂದದ್ದು ಗಟ್ಟಿಯಾದೀತೆಂದು ಹೆದರಿ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸುತ್ತಾರೆ. ಊರಿನಲ್ಲಿ ಅಮ್ಮಚ್ಚಿಯ ಕೈಯಡುಗೆ ಉಂಡು ಬೆಳೆದು ಈಗ ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಎಷ್ಟೋ ಮಂದಿ ಹೀಗೆ ಮಾಡುವುದನ್ನು ನೋಡಿದ್ದೇನೆ. ತಟ್ಟೆಯಿಂದ ಏಳುವುದು ಮೃದುವಾದ ತಟ್ಟೆ ಇಡ್ಲಿಯೇ ಹೊರತು ಪೆಸಹಾ ಅಪ್ಪಂ ಅಲ್ಲ.

ಹಿಟ್ಟು ಏಕೆ ಉಬ್ಬಬಾರದೆಂದು ತಿಳಿದಿದ್ದರೆ ಸೋಡಾದ ಡಬ್ಬಿಗೆ ಕೈ ಹೋಗುವುದಿಲ್ಲ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗುವ ರಾತ್ರಿ ಇಸ್ರಾಯೇಲ್ಯರು ನಡುಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಕುರಿಮರಿಯ ಮಾಂಸವನ್ನು ಹುಳಿಯಿಲ್ಲದ ರೊಟ್ಟಿ ಮತ್ತು ಕಹಿ ಸೊಪ್ಪಿನೊಂದಿಗೆ ಅವಸರದಲ್ಲಿ ಉಣ್ಣಬೇಕೆಂದು ಬೈಬಲ್ಲಿನ ವಿಮೋಚನಾಕಾಂಡದ 12ನೆಯ ಅಧ್ಯಾಯ ವಿಧಿಸುತ್ತದೆ. ಆ ರಾತ್ರಿಯನ್ನು ನೆನೆಯುವ ಹಬ್ಬವೇ ಪಾಸ್ಖ, ಮಲಯಾಳದಲ್ಲಿ ಪೆಸಹಾ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಅಲ್ಲಿನ ಬಲಿಗಳು ನಿಂತವು, ಆದರೆ ಊಟ ನಿಲ್ಲಲಿಲ್ಲ. ಯೆಹೂದ್ಯರ ಪಾಲಿಗೆ ಪಾಸ್ಖದ ಆರಾಧನೆ ಮನೆಯ ಮೇಜಿನಲ್ಲೇ ನೆಲೆಗೊಂಡಿತು. ಸೇದರ್ ಎಂಬ ಆ ಊಟದಲ್ಲಿ ಇಂದಿಗೂ ಮಾತ್ಸಾ ಎಂಬ ಹುಳಿಯಿಲ್ಲದ ಮೂರು ರೊಟ್ಟಿಗಳನ್ನಿಟ್ಟು ನಡುವಿನದನ್ನು ಮುರಿಯುತ್ತಾರೆ, ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯುತ್ತಾರೆ, ಈ ರಾತ್ರಿಯ ವಿಶೇಷವೇನೆಂದು ಮನೆಯ ಕಿರಿಯ ಮಗುವಿನಿಂದ ಕೇಳಿಸುತ್ತಾರೆ. ಮಾತ್ಸಾದ ಹಿಟ್ಟಿಗೆ ನೀರು ಬಿದ್ದ ಮೇಲೆ ಅದನ್ನು ಒಲೆಗೆ ಸೇರಿಸಲು ಇರುವ ಗಡುವು 18 ನಿಮಿಷ.

ಯೇಸು ಶಿಷ್ಯರೊಡನೆ ಉಂಡ ಕಡೆಯ ಭೋಜನ ಈ ಪಾಸ್ಖದ ಊಟವೇ ಎಂದು ಮತ್ತಾಯ, ಮಾರ್ಕ ಮತ್ತು ಲೂಕರ ಸುವಾರ್ತೆಗಳು ಹೇಳುತ್ತವೆ. ಸುರಿಯಾನಿ ಕ್ರೈಸ್ತರು ಅದನ್ನು ಚರ್ಚಿನ ಬಲಿಪೂಜೆಯಲ್ಲಿ ಮಾತ್ರವಲ್ಲದೆ ಅಡುಗೆಮನೆಯಲ್ಲಿಯೂ ಉಳಿಸಿಕೊಂಡಿದ್ದಾರೆ. ಸುರಿಯಾನಿಗಳಲ್ಲೇ ಒಂದು ಪಂಗಡವಾದ ಮಲಂಕರ ಆರ್ಥೊಡಾಕ್ಸ್ ಸಭೆಯವರು ಚರ್ಚಿನಲ್ಲಿ ಕುರ್ಬಾನವೆಂಬ ಬಲಿಪೂಜೆಗೆ ಹುಳಿ ಹಿಟ್ಟಿನ ರೊಟ್ಟಿಯನ್ನೇ ಬಳಸುತ್ತಾರಾದರೂ ಈ ಒಂದು ರಾತ್ರಿ ಮನೆಯಲ್ಲಿ ಮಾಡುವ ಅಪ್ಪಕ್ಕೆ ಹುಳಿ ಸೋಂಕಿಸುವುದಿಲ್ಲ. ಯೆಹೂದಿ ಧರ್ಮಶಾಸ್ತ್ರದ ಪ್ರಕಾರ ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಂದಷ್ಟೇ ಮಾತ್ಸಾ ಆಗುತ್ತದೆ ಮತ್ತು ಹುಳಿಯ ನಿಷೇಧವೂ ಆ ಐದಕ್ಕೇ ಅನ್ವಯಿಸುತ್ತದೆ. ಆದ್ದರಿಂದ ನಮ್ಮ ಅಕ್ಕಿಯ ಅಪ್ಪವನ್ನು ಮಾತ್ಸಾ ಎಂದು ಕರೆಯಲಾಗದು. ಅದು ಅಕ್ಕಿ ಬೆಳೆಯುವ ನಾಡಿನವರು ತಮ್ಮ ಕೈಗೆ ಸಿಕ್ಕಿದ್ದರಲ್ಲಿ ನಡೆಸಿಕೊಂಡು ಬಂದ ಆಚರಣೆ. ರಬ್ಬರ್ ಕೃಷಿಗೆಂದು ಬಂದು ಬೆಳ್ತಂಗಡಿ, ನರಸಿಂಹರಾಜಪುರದ ಸುತ್ತ ನೆಲೆನಿಂತ ಕುಟುಂಬಗಳ ಜೊತೆ ಅದು ಕರ್ನಾಟಕಕ್ಕೂ ಬಂದಿದೆ.

ಒಂದು ಅಪ್ಪಕ್ಕೆ ಎರಡು ಲೋಟ ಹುರಿದ ಅಕ್ಕಿಹಿಟ್ಟು, ಅರ್ಧ ಲೋಟ ಉದ್ದಿನಬೇಳೆ, ಒಂದೂವರೆ ಲೋಟ ಕಾಯಿತುರಿ, ಏಳೆಂಟು ಸಾಂಬಾರ್ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ ಮತ್ತು ಉಪ್ಪು ಬೇಕು. ಅಕ್ಕಿಹಿಟ್ಟಿನ ವಿಷಯದಲ್ಲಿ ರಾಜಿ ಬೇಡ. ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನೀರು ಬಸಿದು, ನುಣ್ಣಗೆ ಪುಡಿಮಾಡಿ, ಸಣ್ಣ ಉರಿಯಲ್ಲಿ ಆವಿ ಏಳುವುದು ನಿಲ್ಲುವವರೆಗೆ, ಆದರೆ ಬಣ್ಣ ತಿರುಗದಂತೆ ಹುರಿಯಬೇಕು. ಅಕ್ಕಿರೊಟ್ಟಿಗೆಂದು ಮಾರುವ ಹಸಿ ಹಿಟ್ಟಿನಿಂದ ಅಪ್ಪ ಜಿಗುಟಾಗುತ್ತದೆ, ಪುಟ್ಟಿನ ಪುಡಿ ತರಿತರಿಯಾಗಿ ಉದುರುತ್ತದೆ. ಕೊಂಡೇ ತರಬೇಕೆಂದಾದರೆ ಇಡಿಯಪ್ಪಕ್ಕೆಂದು ಮಾರುವ ಹುರಿದ ಹಿಟ್ಟು ಆದೀತು. ಅಂಗಡಿಯ ಶೈತ್ಯಪೆಟ್ಟಿಗೆಯಲ್ಲಿರುವ ಇಡ್ಲಿ ಹಿಟ್ಟಿನ ಪೊಟ್ಟಣ ಮಾತ್ರ ಕೂಡದು, ಏಕೆಂದರೆ ಅದು ಮನೆಗೆ ಬರುವ ಮೊದಲೇ ಹುಳಿ ಹಿಡಿಯತೊಡಗಿರುತ್ತದೆ.

ಇನ್ನು ರುಬ್ಬುವ ಕೆಲಸ. ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಹುದುಗಿಸದ ಹಿಟ್ಟು ಬೆಂದಾಗ ಕಲ್ಲಿನಂತಾಗದಿರಬೇಕಾದರೆ ಅದರೊಳಗೆ ಗಾಳಿ ಇರಬೇಕು, ಆ ಗಾಳಿ ಉದ್ದನ್ನು ರುಬ್ಬುವ ಬಗೆಯಿಂದಲೇ ಬರಬೇಕು. ಬೇಳೆಯನ್ನು ಗುರುವಾರ ಮಧ್ಯಾಹ್ನ ನೆನೆಹಾಕಿ, ಪ್ರಾರ್ಥನೆಯ ಹೊತ್ತಿಗೆ ಎರಡು ಗಂಟೆ ಮುಂಚೆ ಗ್ರೈಂಡರಿಗೆ ಹಾಕಿ, ತಣ್ಣೀರನ್ನು ಚಮಚದ ಲೆಕ್ಕದಲ್ಲಿ ಚಿಮುಕಿಸುತ್ತ, ಬೆಣ್ಣೆಯಂತೆ ಹಗುರಾಗುವವರೆಗೆ ರುಬ್ಬಬೇಕು. ಒಂದು ತೊಟ್ಟು ಹಿಟ್ಟನ್ನು ನೀರಿಗೆ ಬಿಟ್ಟಾಗ ಅದು ತೇಲಿದರೆ ಸಾಕು. ಮಿಕ್ಸಿಯಾದರೆ ಜಾರು ಬಿಸಿಯಾಗದಂತೆ ನಡುನಡುವೆ ನಿಲ್ಲಿಸಬೇಕು, ಏಕೆಂದರೆ ಬೆಚ್ಚಗಾದ ಉದ್ದು ಬೇಸಿಗೆಯ ಸೆಕೆಯಲ್ಲಿ ಮೂರ್ನಾಲ್ಕು ಗಂಟೆಗಳಲ್ಲೇ ಗುಳ್ಳೆ ಕಟ್ಟತೊಡಗುತ್ತದೆ. ಕಾಯಿ, ಜೀರಿಗೆ, ಈರುಳ್ಳಿ, ಬೆಳ್ಳುಳ್ಳಿಯನ್ನು ತರಿಯಾಗಿ ಅರೆದು, ಉದ್ದಿನ ಹಿಟ್ಟು, ಅಕ್ಕಿಹಿಟ್ಟು ಮತ್ತು ಉಪ್ಪಿನೊಂದಿಗೆ ಕೈಯಿಂದಲೇ ಕಲಸಬೇಕು.

ಕಲಸಿದ ತಕ್ಷಣ ಹದ ಸರಿಯಾಗಿದೆಯೆಂದು ನಂಬುವುದು ಎರಡನೆಯ ದೊಡ್ಡ ತಪ್ಪು. ಹುರಿದ ಅಕ್ಕಿಹಿಟ್ಟು ನಿಧಾನವಾಗಿ ನೀರು ಕುಡಿಯುವುದರಿಂದ, ಮೊದಲಿಗೆ ಇಡ್ಲಿ ಹಿಟ್ಟಿನಂತೆ ಕಾಣುವುದು ಕಾಲು ಗಂಟೆಯಲ್ಲಿ ರೊಟ್ಟಿಯ ಕಣಕದಂತೆ ಬಿಗಿಯುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ಸೌಟಿನಿಂದ ಎತ್ತಿ ಬಿಟ್ಟಾಗ ಧಾರೆಯಾಗದೆ ಮುದ್ದೆಮುದ್ದೆಯಾಗಿ ಜಾರುವಷ್ಟು ನೀರು ಸೇರಿಸಿ, ಆ ಕೂಡಲೇ ಹಬೆಗೆ ಇಡಬೇಕು. ಕೆಲವು ಮನೆಗಳಲ್ಲಿ ಒಂದು ಗಂಟೆ ಇಡುವ ಪದ್ಧತಿಯಿದೆ, ನನಗದು ಒಪ್ಪಿಗೆಯಿಲ್ಲ.

ಅಂಚಿರುವ ಸ್ಟೀಲ್ ತಟ್ಟೆಗೆ ಬಾಳೆಲೆ ಹಾಸಿ, ಕೊಬ್ಬರಿ ಎಣ್ಣೆ ಸವರಿ, ಒಂದು ಅಂಗುಲಕ್ಕಿಂತ ದಪ್ಪವಾಗದಂತೆ ಹಿಟ್ಟು ಸುರಿಯಬೇಕು. ಅದೇ ವಾರದ ಮೊದಲ ದಿನವಾದ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಎಳೆ ಗರಿಯಿಂದ ಎರಡು ಎಳೆ ಸೀಳಿ ಮಾಡಿದ ಶಿಲುಬೆಯನ್ನು ಮೇಲಿಡುವುದು ಸಂಪ್ರದಾಯ. ಮೊದಲೇ ಇಟ್ಟರೆ ಅದು ಹಿಟ್ಟಿನಲ್ಲಿ ಹೂತುಹೋಗಬಹುದು. ಐದು ನಿಮಿಷ ಬೇಯಿಸಿ, ಮೇಲ್ಮೈ ಕೆನೆಗಟ್ಟಿದ ಮೇಲೆ ಒತ್ತದೆ ಇಟ್ಟರೆ ನೆಟ್ಟಗೆ ಕೂರುತ್ತದೆ. ಮುಚ್ಚಳಕ್ಕೆ ಒಣ ಬಟ್ಟೆ ಕಟ್ಟದಿದ್ದರೆ ಹನಿ ಬಿದ್ದು ಅಪ್ಪದ ಮೇಲೆಲ್ಲ ಗುಳಿಯಾಗುತ್ತದೆ. ಒಟ್ಟು ಅರ್ಧ ಗಂಟೆ ಬೇಯಲಿ.

ಅಪ್ಪವನ್ನು ಅದ್ದಿ ತಿನ್ನಲು ಬೆಲ್ಲ ಮತ್ತು ತೆಂಗಿನ ಹಾಲಿನಿಂದ ಮಾಡುವ ಪಾಲ್ ಸುಲಭ. ಎರಡು ತೆಂಗಿನಕಾಯಿಯ ತೆಳು ಹಾಲಿಗೆ ಕಾಲು ಕಿಲೋ ಬೆಲ್ಲ ಕರಗಿಸಿ ಸೋಸಿ, ಎರಡು ಚಮಚ ಅಕ್ಕಿಹಿಟ್ಟು ಕದಡಿ, ಕೈಬಿಡದೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ದಪ್ಪ ಹಾಲು, ಏಲಕ್ಕಿ ಮತ್ತು ಒಣಶುಂಠಿ ಪುಡಿ ಸೇರಿಸಿದರಾಯಿತು. ದಪ್ಪ ಹಾಲು ಬಿದ್ದ ಮೇಲೆ ಕುದಿ ಬಂದರೆ ಒಡೆಯುತ್ತದೆ. ಕಣ್ಣಿಗೆ ಚೆಂದ ಕಾಣುವ ತಿಳಿ ಹಳದಿ ಬೆಲ್ಲವನ್ನು ಬಿಟ್ಟು ಕಪ್ಪು ಬೆಲ್ಲವನ್ನೇ ತನ್ನಿ. ಡಬ್ಬಿಯ ತೆಂಗಿನ ಹಾಲಿಗೆ ಡಬ್ಬಿಯದೇ ರುಚಿ.

ಬಡಿಸುವ ಕ್ರಮವೂ ಮಾಡುವ ವಿಧಾನದ ಭಾಗವೇ ಆದ್ದರಿಂದ ಅದನ್ನು ಊಟದ ಮೇಜಿನ ಗದ್ದಲಕ್ಕೆ ಬಿಡಬಾರದು. ಪಾದ ತೊಳೆಯುವ ವಿಧಿ ಮುಗಿದು ಚರ್ಚಿನಿಂದ ಎಲ್ಲರೂ ಮರಳಿದ ಮೇಲೆ ದೀಪ ಹಚ್ಚಿ, ಬೈಬಲ್ ಓದಿ ಪ್ರಾರ್ಥಿಸಿ, ಮನೆಯ ಹಿರಿಯರು ಶಿಲುಬೆಯ ಅಪ್ಪವನ್ನು ಕತ್ತರಿಸಿ, ಒಂದೊಂದು ತುಂಡನ್ನು ಪಾಲಿನಲ್ಲಿ ಅದ್ದಿ, ವಯಸ್ಸಿನ ಕ್ರಮದಲ್ಲಿ ಕೊಡುತ್ತಾರೆ. ಪಾದ್ರಿಗಳು ಬೇಕಿಲ್ಲ, ಇದು ಮನೆಯವರದೇ ಆರಾಧನೆ. ಸಾಲಿನ ಕೊನೆಯ ಮಗುವಿನ ಕೈಗೂ ತುಂಡು ಬಂದ ಮೇಲೆಯೇ ತಿನ್ನುವುದು ಲೇಸು. ಮೊದಲು ಬಂದವರು ತಿಂದು ಕುಡಿದು ತೇಗುತ್ತಿರುವಾಗ ಬಡವರು ಹಸಿದಿರುತ್ತಾರೆಂದು ಯೇಸುವಿನ ಪ್ರೇಷಿತನಾದ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರನ್ನು ಗದರಿಸಿ, ಒಬ್ಬರಿಗೊಬ್ಬರು ಕಾಯಬೇಕೆಂದು ಬರೆದದ್ದು ಇಂಥ ಊಟವನ್ನು ಕುರಿತೇ. ಕತ್ತರಿಸುವ ಮುಂಚೆ ಅಪ್ಪ ಪೂರ್ತಿ ತಣಿದಿರಲಿ, ಇಲ್ಲವಾದರೆ ಚಾಕುವಿಗೆ ಅಂಟಿ ಪುಡಿಯಾಗುತ್ತದೆ. ಪುಡಿ ನೆಲಕ್ಕೆ ಬೀಳಬಾರದೆಂದು ಹಿರಿಯರು ಕಣ್ಣಿಟ್ಟಿರುತ್ತಾರೆ.

ಶಿಲುಬೆಯಿಲ್ಲದ ಇನ್ನೊಂದು ಅಪ್ಪವನ್ನೂ ತಪ್ಪದೆ ಬೇಯಿಸಿಕೊಳ್ಳಿ. ವರ್ಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ಪೆಸಹಾ ಅಪ್ಪಂ ಮಾಡುವ ಪದ್ಧತಿಯಿಲ್ಲ, ನೆಂಟರೋ ನೆರೆಯವರೋ ಅವರಿಗೆ ಒಯ್ದು ಕೊಡಬೇಕು. ಕತ್ತರಿಸಿ ಉಳಿದದ್ದನ್ನು ಕಟ್ಟಿಕೊಡುವುದು ಮರ್ಯಾದೆಯಲ್ಲ. ಅವರ ಪಾಲಿನ ಅಪ್ಪ ಇಡಿಯಾಗಿಯೇ ಹೋಗಲಿ. ಜೊತೆಗೆ ಕಳಿಸುವ ಪಾಲ್ ದಾರಿಯಲ್ಲಿ ತಣಿದು ಗಟ್ಟಿಯಾಗುವುದರಿಂದ, ಅದಕ್ಕೆ ಅಕ್ಕಿಹಿಟ್ಟನ್ನು ಅರ್ಧ ಚಮಚ ಕಡಿಮೆ ಹಾಕಿ.