ಬಾಗಿಲು ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಎಣಿಸಿದ ಪ್ರವಾಸ

ನಮ್ಮ ಮನೆಯಲ್ಲಿ ರಾತ್ರಿ 1 ಗಂಟೆಗೆ ಮೊದಲು ದೀಪ ಆರುವುದಿಲ್ಲ. ನನ್ನ ಯಜಮಾನರು 12 ವರ್ಷಗಳಿಂದ ನಡುರಾತ್ರಿಗೆ ಮುಗಿಯುವ ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಅವರು ಬಂದು ಊಟಕ್ಕೆ ಕೂತ ಮೇಲೆಯೇ ನಮ್ಮ ಮನೆಯ ಮಾತುಕತೆ ಶುರುವಾಗುವುದು. 16 ವರ್ಷದ ಮಗಳು ಮತ್ತು 11 ವರ್ಷದ ಮಗ ಶಾಲೆಯಿರುವ ದಿನ ಹೇಗೋ ಎದ್ದು ಹೋಗುತ್ತಾರೆ, ರಜೆ ಬಂದರೆ ಹತ್ತೂವರೆಗೆ ಮೊದಲು ಕಣ್ಣು ಬಿಡುವುದಿಲ್ಲ. ನಾನೂ ಹಾಗೆಯೇ. ಮನೆಯಲ್ಲಿ ಬೆಳಗಿನ ಜೀವ ಎಂದರೆ ಎಪ್ಪತ್ತು ದಾಟಿದ ನಮ್ಮ ಅತ್ತೆಯವರೊಬ್ಬರೇ. ಅವರು ಐದಕ್ಕೆ ಏಳುತ್ತಾರೆ. ಇಂಥ ಐದು ಜನ ಕಳೆದ ಜೂನ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಿ, ಒಂದು ದಿನವೂ ಯಾರ ಮೇಲೂ ಯಾರೂ ರೇಗದೆ ಏಳು ದಿನ ಇದ್ದು ಬಂದೆವು. ಅದನ್ನು ಹೇಗೆ ಯೋಜಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಾವು ಒಮ್ಮೆ ಸೋತಿದ್ದೆವು. ಕೆಲವು ವರ್ಷಗಳ ಹಿಂದೆ ಬೇರೊಂದು ದೊಡ್ಡ ಪಾರ್ಕಿಗೆ ಹೋದಾಗ, ಎಲ್ಲರೂ ಕೊಡುವ ಸಲಹೆಯನ್ನೇ ಶಿರಸಾವಹಿಸಿ ಪಾಲಿಸಿದೆವು: ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಗೇಟಿನಲ್ಲಿರಬೇಕು, ಮೊದಲ ಎರಡು ಗಂಟೆಯಲ್ಲಿ ದೊಡ್ಡ ರೈಡುಗಳನ್ನೆಲ್ಲ ಮುಗಿಸಬೇಕು. ಸಲಹೆ ತಪ್ಪಲ್ಲ, ಬೆಳಗಿನ ಆ ಹೊತ್ತಿನಲ್ಲಿ ಸಾಲುಗಳು ನಿಜಕ್ಕೂ ಚಿಕ್ಕದಿರುತ್ತವೆ. ಆದರೆ ಆರಕ್ಕೆ ಎಬ್ಬಿಸಿದ ಮಕ್ಕಳು ಹನ್ನೊಂದರ ಹೊತ್ತಿಗೆ ಮಂಕಾದರು, ಮೂರರ ಹೊತ್ತಿಗೆ ಮಗ ಒಂದು ಕಲ್ಲುಬೆಂಚಿನ ಮೇಲೆ ನನ್ನ ತೊಡೆಗೆ ತಲೆಯಿಟ್ಟು ನಿದ್ದೆಹೋದ, ಆರಕ್ಕೆ ನಾವು ಕೋಣೆಗೆ ಮರಳಿದೆವು. ರಾತ್ರಿ ಒಂಬತ್ತೂವರೆಗೆ, ಸರಿಯಾಗಿ ನಮ್ಮೆಲ್ಲರ ಮೈ ಚುರುಕಾಗುವ ಹೊತ್ತಿಗೆ, ಬಾಣಬಿರುಸಿನ ಸದ್ದು ಮಾತ್ರ ಕೇಳಿಸಿತು. ಕಿಟಕಿ ಇನ್ನೊಂದು ದಿಕ್ಕಿಗಿತ್ತು. ಆ ಸದ್ದನ್ನು ಕೇಳುತ್ತಾ ಕುಳಿತಾಗಲೇ, ಇನ್ನು ಮುಂದೆ ನಮ್ಮ ದಿನಚರಿಯನ್ನು ಮುರಿದು ಪ್ರವಾಸ ಹೋಗುವುದು ಬೇಡವೆಂದು ತೀರ್ಮಾನಿಸಿದೆ.

ತಡವಾಗಿ ಮಲಗುವುದು ಸೋಮಾರಿತನವೆಂದು ನಮ್ಮ ಸುತ್ತಲಿನವರಲ್ಲಿ ಬಹಳಷ್ಟು ಜನ ಇಂದಿಗೂ ನಂಬುತ್ತಾರೆ; ಈ ಮಾತು ನನಗೆ ನೋವು ಕೊಡುತ್ತದೆ. ದೇಹದೊಳಗಿನ ಗಡಿಯಾರದ ಓಟ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ. ಆ ಗಡಿಯಾರ ಜೀವಕೋಶಗಳಲ್ಲಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿದೆ. ಹದಿಹರೆಯದಲ್ಲಂತೂ ನಿದ್ದೆಯನ್ನು ಕರೆತರುವ ಮೆಲಟೋನಿನ್ ರಾತ್ರಿ ಇನ್ನಷ್ಟು ತಡವಾಗಿ ಸ್ರವಿಸುತ್ತದೆ. ಹೀಗಿರುವಾಗ ಒಂದು ವಾರದ ರಜೆಗಾಗಿ ಮಗಳನ್ನು ತಿದ್ದಲು ಹೊರಡುವುದಕ್ಕಿಂತ ಪ್ರವಾಸದ ವೇಳಾಪಟ್ಟಿಯನ್ನು ತಿದ್ದುವುದೇ ಸುಲಭ.

ಹಾಗಾಗಿ ನಾನು ಮೊದಲು ನೋಡಿದ್ದು ಪಾರ್ಕ್ ಎಷ್ಟಕ್ಕೆ ಮುಚ್ಚುತ್ತದೆ ಎಂಬುದನ್ನು. ಯುರೋಪಿನ ಹಲವು ಹೆಸರಾಂತ ಪಾರ್ಕುಗಳು ಸಂಜೆ ಆರರ ಸುಮಾರಿಗೇ ಬಾಗಿಲು ಹಾಕುತ್ತವೆ. ಹನ್ನೆರಡಕ್ಕೆ ಮನೆಬಿಡುವ ಕುಟುಂಬಕ್ಕೆ ಅಲ್ಲಿ ಅರ್ಧ ದಿನವೂ ಸಿಗುವುದಿಲ್ಲ. ಇದಕ್ಕೆ ಅಪವಾದವಾದ ಕೋಪನ್‌ಹೇಗನ್‌ನ ಟಿವೋಲಿ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ. 1843ರಲ್ಲಿ ಆರಂಭವಾದ ಆ ಉದ್ಯಾನ ಬೇಸಿಗೆಯಲ್ಲಿ ಬೆಳಿಗ್ಗೆ 11ಕ್ಕೆ ತೆರೆದು ರಾತ್ರಿ ತಡವಾಗುವವರೆಗೂ ಇರುತ್ತದೆ, ಸಾವಿರಾರು ದೀಪಗಳು ಹತ್ತಿದ ಮೇಲೆಯೇ ಅದರ ನಿಜವಾದ ಸೊಬಗು. ಅದನ್ನು ಮುಂದಿನ ಪ್ರವಾಸಕ್ಕೆ ಎತ್ತಿಟ್ಟಿದ್ದೇನೆ. ಈ ಬಾರಿ ಫ್ಲೋರಿಡಾವನ್ನು ಆರಿಸಿದ್ದಕ್ಕೆ, ಒಂದೇ ಆವರಣದಲ್ಲಿ ನಾಲ್ಕು ಪಾರ್ಕುಗಳಿರುವುದು, ಜೂನ್‌ನಲ್ಲಿ ಅವುಗಳಲ್ಲಿ ಮೂರು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೂ ತೆರೆದಿರುವುದು ಕಾರಣ.

ತಿಂಗಳನ್ನು ಆರಿಸುವಾಗ ಒಂದು ಎಚ್ಚರ ಬೇಕು. ಆ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಹ್ಯಾಲೋವೀನ್ ಪಾರ್ಟಿಗಳೂ, ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಪಾರ್ಟಿಗಳೂ ಆಯ್ದ ರಾತ್ರಿಗಳಲ್ಲಿ ನಡೆಯುತ್ತವೆ. ಆ ದಿನಗಳಲ್ಲಿ ಸಾಮಾನ್ಯ ಟಿಕೆಟ್‌ನವರು ಸಂಜೆ 6ಕ್ಕೇ ಹೊರಡಬೇಕು. ಇದನ್ನು ಗಮನಿಸದೆ ಮಧ್ಯಾಹ್ನ ಎರಡಕ್ಕೆ ಒಳಗೆ ಹೋದವರ ದಿನ ನಾಲ್ಕು ಗಂಟೆಯಲ್ಲಿ ಮುಗಿದುಹೋಗುತ್ತದೆ. ಅದೇ ಪಾರ್ಟಿಯ ಟಿಕೆಟನ್ನೇ ತೆಗೆದುಕೊಂಡರೆ ಲೆಕ್ಕ ತಿರುವುಮುರುವಾಗುತ್ತದೆ: ಅವರನ್ನು ಸಂಜೆ 4ರಿಂದಲೇ ಒಳಗೆ ಬಿಡುತ್ತಾರೆ, ನಡುರಾತ್ರಿಯವರೆಗೆ ಇರಬಹುದು, ಆ ದಿನಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ರಾತ್ರಿ ಚುರುಕಾಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮಕ್ಕಳ ರಜೆ ಆ ತಿಂಗಳುಗಳಲ್ಲಿ ಇಲ್ಲದ್ದರಿಂದ ನಾವು ಅದನ್ನು ಬಿಡಬೇಕಾಯಿತು.

ನನ್ನ ಇಡೀ ಯೋಜನೆ ನಿಂತಿದ್ದು ಹಿಂದಕ್ಕೆ ಎಣಿಸುವುದರ ಮೇಲೆ. ಪಾರ್ಕ್ 11ಕ್ಕೆ ಮುಚ್ಚಿದರೆ ಕೋಣೆ ಸೇರುವಾಗ 12, ಸ್ನಾನ ಮತ್ತು ತಿಂಡಿ ಮುಗಿದು ಮಲಗುವಾಗ ಒಂದೂವರೆ, ಒಂಬತ್ತು ಗಂಟೆಯ ನಿದ್ದೆಗೆ ಹತ್ತೂವರೆ, ನಿಧಾನವಾಗಿ ಹೊರಡಲು 12. ಹೊರಗೆ ಕಾಲಿಡುವ ಹೊತ್ತು ಹೀಗೆ ಗೊತ್ತಾದ ಮೇಲೆ, ಅದಕ್ಕಿಂತ ಮೊದಲು ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದೆಂದು ಕಟ್ಟುನಿಟ್ಟಾಗಿ ನಡೆದುಕೊಂಡೆ. ಬೆಳಗಿನ ತಿಂಡಿಗೆ ಜಾಗ ಕಾಯ್ದಿರಿಸುವಂತೆ ಮಕ್ಕಳು ಕೇಳಿದಾಗಲೂ ಒಪ್ಪಲಿಲ್ಲ.

ಆದರೆ ಮೊದಲ ಎರಡು ದಿನ ಈ ಲೆಕ್ಕ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಅನೇಕ ಕಾಲವಲಯಗಳನ್ನು ದಾಟಿ ಹೋದವರ ದೇಹದ ಗಡಿಯಾರ ಅಲ್ಲಿನ ಗಡಿಯಾರಕ್ಕಿಂತ ಮುಂದಿರುತ್ತದೆ. ಎಷ್ಟೇ ತಡವಾಗಿ ಏಳುವವರಾದರೂ ಆ ಒಂದೆರಡು ದಿನ ಸಂಜೆಗೇ ತೂಕಡಿಸಿ ನಸುಕಿನಲ್ಲಿ ಎಚ್ಚರವಾಗಿಬಿಡುತ್ತಾರೆ. ನಮ್ಮ ಪಾಲಿಗೆ ಬೆಳಗು ಪುಕ್ಕಟೆಯಾಗಿ ಸಿಗುವುದು ಆಗ ಮಾತ್ರ. ನಾಲ್ಕು ಪಾರ್ಕುಗಳಲ್ಲಿ ಬೇಗ ಮುಚ್ಚುವುದು ಅನಿಮಲ್ ಕಿಂಗ್‌ಡಮ್. ಅಲ್ಲಿನ ಸಫಾರಿ ಕತ್ತಲಾಗುವ ಮೊದಲೇ ನಿಂತುಹೋಗುತ್ತದೆ, ಪ್ರಾಣಿಗಳು ಚೆನ್ನಾಗಿ ಕಾಣುವುದು ಬಿಸಿಲೇರುವ ಮೊದಲು. ಆದ್ದರಿಂದ ಇಳಿದ ಮರುದಿನಕ್ಕೇ ಅದನ್ನು ಇಟ್ಟೆ. ನಾನು ಎಣಿಸಿದಂತೆಯೇ ಮಗಳು ನಾಲ್ಕೂವರೆಗೆ ಎದ್ದು ಕುಳಿತು, ಯಾಕೆ ಇನ್ನೂ ಬೆಳಕಾಗಿಲ್ಲವೆಂದು ಕೇಳಿದಳು. ಎಂಟಕ್ಕೆ ನಾವು ಸಫಾರಿ ಗಾಡಿಯಲ್ಲಿದ್ದೆವು. ಒಂದು ಜಿರಾಫೆ ದಾರಿಗೆ ಅಡ್ಡ ನಿಂತು, ಅದು ತಾನಾಗಿ ಸರಿಯುವವರೆಗೆ ಚಾಲಕ ಎಂಜಿನ್ ಸದ್ದನ್ನೂ ತಗ್ಗಿಸಿ ಕಾದ. ಮೂರಕ್ಕೆ ಕೋಣೆಗೆ ಬಂದು ಏಳಕ್ಕೆ ಮಲಗಿದೆವು. ಮುಂದಿನ ದಿನಗಳಲ್ಲಿ ಸಂಜೆಯ ಬೆಳಕಿನಲ್ಲಿ ಹೊರಗೆ ಓಡಾಡಿ, ಮಲಗುವ ಹೊತ್ತನ್ನು ದಿನಕ್ಕೆ ಎರಡು ಗಂಟೆಯಂತೆ ಮುಂದೂಡುತ್ತಾ ಅಲ್ಲಿಂದ ಮೂರನೆಯ ರಾತ್ರಿಗೆ ನಮ್ಮ ಎಂದಿನ ಹೊತ್ತಿಗೆ ಬಂದು ಸೇರಿದೆವು.

ಆ ನಡುವಿನ ದಿನಕ್ಕೆ ಎಪ್ಕಾಟ್ ಒಗ್ಗಿತು. 1982ರಲ್ಲಿ ತೆರೆದ ಆ ಪಾರ್ಕಿನ ಅರ್ಧ ಭಾಗವಾದ ವರ್ಲ್ಡ್ ಶೋಕೇಸ್, ಅಂದರೆ ಕೆರೆಯ ಸುತ್ತ 11 ದೇಶಗಳ ಮಾದರಿಗಳನ್ನು ಕಟ್ಟಿರುವ ಭಾಗ, ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ತಡವಾಗಿ ಹೋದವರು ಅಲ್ಲಿ ಏನನ್ನೂ ಕಳೆದುಕೊಂಡಿರುವುದಿಲ್ಲ.

ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಸೌಲಭ್ಯದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಡವಾಗಿ ಏಳುವವರು ಎಡವುವುದು ಇಲ್ಲಿಯೇ. ಡಿಸ್ನಿಯವರದೇ ಹೋಟೆಲುಗಳಲ್ಲಿ ತಂಗುವವರು ವಾಸ್ತವ್ಯದ ಮೊದಲ ದಿನಕ್ಕೆ 7 ದಿನ ಮುಂಚಿತವಾಗಿ, ಅಲ್ಲಿನ ಬೆಳಿಗ್ಗೆ 7 ಗಂಟೆಯಿಂದ, ಇಡೀ ವಾಸ್ತವ್ಯಕ್ಕೆ ಒಂದೇ ಸಲ ಕಾಯ್ದಿರಿಸಬಹುದು; ಹೊರಗೆ ತಂಗುವವರಿಗೆ 3 ದಿನ ಮುಂಚೆ. ಈ ಸೌಲಭ್ಯದ ಮಲ್ಟಿ ಪಾಸ್ ಎಂಬ ಬಗೆಯಲ್ಲಿ ಒಂದು ದಿನಕ್ಕೆ ಮೊದಲು ಮೂರು ರೈಡುಗಳನ್ನು ಆರಿಸಿಕೊಳ್ಳಬೇಕು, ಪ್ರತಿಯೊಂದಕ್ಕೂ ಒಂದು ಗಂಟೆಯ ಅವಧಿ ಕೊಡುತ್ತಾರೆ, ಅವುಗಳಲ್ಲಿ ಒಂದನ್ನು ಬಳಸಿದ ಮೇಲೆ ಮತ್ತೊಂದನ್ನು ಸೇರಿಸಿಕೊಳ್ಳಬಹುದು. ಆ್ಯಪ್ ತಾನಾಗಿ ತೋರಿಸುವುದು ಸಾಮಾನ್ಯವಾಗಿ ಬೇಗನೆಯ ಹೊತ್ತನ್ನು; ಅದನ್ನು ಹಾಗೆಯೇ ಒಪ್ಪಿಕೊಂಡರೆ ನಾವು ಹಲ್ಲುಜ್ಜುವ ಮೊದಲೇ ಒಂದು ರೈಡು ಕೈತಪ್ಪಿರುತ್ತದೆ. ನಾನು ಮೂರನ್ನೂ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಒಂದರ ಹಿಂದೊಂದು ಬರುವಂತೆ ಕೂರಿಸಿದೆ. ಆ ಹೊತ್ತಿನಲ್ಲೇ ಸಾಲುಗಳು ಅತಿ ಉದ್ದವಿರುವುದರಿಂದ ಪಾಸಿಗೆ ಬೆಲೆ ಬರುವುದೂ ಆಗಲೇ. ರಾತ್ರಿ ಹತ್ತರ ಹೊತ್ತಿಗೆ ಹೇಗೂ ಸಾಲು ಕರಗಿರುತ್ತದೆ, ಅಲ್ಲಿಗೆ ಪಾಸನ್ನು ಉಳಿಸಿಟ್ಟುಕೊಳ್ಳುವುದು ವ್ಯರ್ಥ. ಹೀಗೆ ಕಾಯ್ದಿರಿಸಲು ನಾನು ಗಡಿಯಾರ ನೋಡುತ್ತಾ ಕಾದದ್ದು ಒಂದೇ ಒಂದು ದಿನ.

ಹೋಟೆಲಿನ ವಿಷಯದಲ್ಲಿ ಮಾತ್ರ ಕೈಬಿಚ್ಚಿ ಖರ್ಚು ಮಾಡಿದೆವು, ಬೇರೆ ಕಡೆ ಉಳಿಸಿದೆವು. ನಾವಿದ್ದ ಕಂಟೆಂಪರರಿ ಹೋಟೆಲಿನಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹತ್ತು ಹದಿನೈದು ನಿಮಿಷ ನಡೆದರೆ ಸಾಕು. ಪಾರ್ಕ್ ಮುಚ್ಚಿದಾಗ ಸಾವಿರಾರು ಜನ ಬಸ್ಸು ಮತ್ತು ದೋಣಿಗೆ ನೂಕುನುಗ್ಗಲಾಗಿ ನಿಂತಿರುವಾಗ ನಾವು ಕಾಲುದಾರಿ ಹಿಡಿದು ಕೋಣೆ ಸೇರುತ್ತಿದ್ದೆವು. ಇದಕ್ಕಿಂತ ಮುಖ್ಯವಾದದ್ದೆಂದರೆ, ಈ ದುಬಾರಿ (ಡೀಲಕ್ಸ್) ವರ್ಗದ ಹೋಟೆಲುಗಳಲ್ಲಿ ತಂಗಿದವರಿಗೆ ಆಯ್ದ ರಾತ್ರಿಗಳಲ್ಲಿ ಆಯ್ದ ಪಾರ್ಕುಗಳಲ್ಲಿ ಮುಚ್ಚುವ ಹೊತ್ತಿನ ನಂತರ ಎರಡು ಗಂಟೆ ಹೆಚ್ಚಾಗಿ ಇರಲು ಬಿಡುತ್ತಾರೆ. ಬೆಳಿಗ್ಗೆ ಬೇಗ ಒಳಗೆ ಬಿಡುವ ಅರ್ಧ ಗಂಟೆ ಅವರ ಎಲ್ಲ ಹೋಟೆಲಿನವರಿಗೂ ಇದೆ. ನಮ್ಮಂಥವರಿಗೆ ಅದರಿಂದ ಪ್ರಯೋಜನವಿಲ್ಲ, ರಾತ್ರಿಯ ಈ ಎರಡು ಗಂಟೆಗೆ ಬೆಲೆ ಕಟ್ಟಲಾಗದು. ಪ್ರವಾಸದ ತಾರೀಖನ್ನು ನಾನು ಆ ರಾತ್ರಿಗಳನ್ನು ನೋಡಿಕೊಂಡೇ ಗೊತ್ತುಮಾಡಿದ್ದೆ.

ಕೋಣೆಯಲ್ಲಿ ಹತ್ತೂವರೆಯವರೆಗೆ ಕತ್ತಲಿರಬೇಕಲ್ಲ. ಪರದೆ ದಪ್ಪಗಿದ್ದರೂ ಎರಡು ಮಡಿಕೆಗಳು ಕೂಡುವಲ್ಲಿ ಒಂದು ಬೆರಳಿನಷ್ಟು ಸಂದಿ ಉಳಿದು, ಏಳು ಗಂಟೆಯ ಬಿಸಿಲು ನೇರವಾಗಿ ಮಗನ ಮುಖದ ಮೇಲೆ ಗೆರೆ ಎಳೆಯುತ್ತಿತ್ತು. ಬೀರುವಿನಲ್ಲಿದ್ದ ಪ್ಯಾಂಟ್ ಹ್ಯಾಂಗರಿನ ಎರಡು ಕ್ಲಿಪ್ಪುಗಳಿಂದ ಆ ಅಂಚುಗಳನ್ನು ಹಿಡಿದು ಕಚ್ಚಿಸಿದೆ. ಅಲ್ಲಿಗೆ ಕೋಣೆ ಗವಿಯಂತಾಯಿತು. ಕೋಣೆ ಒಪ್ಪಮಾಡುವವರು ಮಧ್ಯಾಹ್ನ ಒಂದರ ನಂತರ ಬರಲೆಂದು ಮೊದಲ ದಿನವೇ ಹೇಳಿಟ್ಟಿದ್ದೆ.

ಇನ್ನು ಅತ್ತೆಯವರು. ಯೋಜನೆಯಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಅವರ ಬಗ್ಗೆಯೇ. ಐದಕ್ಕೆ ಎದ್ದವರು ಐದು ಗಂಟೆಯ ಕಾಲ ಕತ್ತಲ ಕೋಣೆಯಲ್ಲಿ ಸದ್ದು ಮಾಡದೆ ಕುಳಿತಿರಬೇಕಾದ ಪ್ರವಾಸ ಅವರ ಪಾಲಿಗೆ ಶಿಕ್ಷೆಯಾಗುತ್ತದೆ. ಅದಕ್ಕಾಗಿ ಬಾಲ್ಕನಿಯಿರುವ ಕೋಣೆ ತೆಗೆದುಕೊಂಡೆವು. ಹೋಟೆಲಿನ ಒಳಗಿನಿಂದಲೇ ಮಾನೊರೈಲು ಹಾದುಹೋಗುತ್ತದೆ, ಅದಕ್ಕೆ ಟಿಕೆಟ್ ಬೇಡ, ಕೆರೆಯ ಸುತ್ತ ಒಂದು ಸುತ್ತು ಹಾಕಿ ಹತ್ತಿದಲ್ಲಿಗೇ ತಂದು ಬಿಡುತ್ತದೆ. ಮೊದಲ ದಿನ ನಾನು ಜೊತೆಗೆ ಹೋಗಿ ತೋರಿಸಿಕೊಟ್ಟೆ. ಮೂರನೆಯ ದಿನದಿಂದ ಅವರೇ ಒಬ್ಬರೇ ಹೋಗಿ, ಮುಂದಿನ ಹೋಟೆಲಿನಲ್ಲಿ ಇಳಿದು, ದಂಡೆಯ ಮೇಲೆ ಕುಳಿತು ಬರತೊಡಗಿದರು. "ನೀವು ಏಳುವಷ್ಟರಲ್ಲಿ ನಂದು ಅರ್ಧ ಪ್ರವಾಸ ಆಗಿರುತ್ತೆ ಕಣಮ್ಮಾ" ಎಂದು ಒಂದು ದಿನ ಹೇಳಿದಾಗ ನನ್ನ ಮನಸ್ಸು ಹಗುರವಾಯಿತು. ನಾವು ಮಧ್ಯಾಹ್ನ ಹೊರಡುವಾಗ ಅವರು ಊಟ ಮಾಡಿ ಮಲಗುತ್ತಿದ್ದರು. ಆರರ ಹೊತ್ತಿಗೆ ಯಜಮಾನರು ಹೋಟೆಲಿಗೆ ನಡೆದುಹೋಗಿ ಕರೆತರುತ್ತಿದ್ದರು.

ಹೀಗೆ ಮಾಡಿದ್ದು ಹವಾಮಾನಕ್ಕೂ ಹೊಂದಿತು. ಫ್ಲೋರಿಡಾದ ಜೂನ್‌ನಲ್ಲಿ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ, ಮಿಂಚು ಹತ್ತಿರ ಬಂದರೆ ಬಯಲಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಬೆಳಿಗ್ಗೆ ಎಂಟಕ್ಕೇ ಬಂದವರು ಆ ಹೊತ್ತಿಗೆ ಸೋತು ಸುಣ್ಣವಾಗಿ ಹೊರಟುಬಿಡುತ್ತಾರೆ. ನಮಗೆ ಅದು ದಿನದ ಆರಂಭ. ಸೂರಿನಡಿಯ ರೈಡುಗಳಲ್ಲಿ ಮಳೆ ಕಳೆದು ಹೊರಗೆ ಬಂದರೆ ನೆಲ ತಂಪಾಗಿ, ದಾರಿಗಳು ತೆರವಾಗಿರುತ್ತಿದ್ದವು.

ಊಟದ ವಿಷಯದಲ್ಲಿ, ಪಾರ್ಕಿನಲ್ಲಿ ತಡವಾಗಿ ಉಳಿದ ಮೊದಲ ರಾತ್ರಿ ಪೆಟ್ಟು ತಿಂದೆವು. ಪಾರ್ಕ್ ತೆರೆದಿದ್ದರೂ ಅದರೊಳಗಿನ ಉಪಾಹಾರ ಕೇಂದ್ರಗಳು ಮೊದಲೇ ಮುಚ್ಚುತ್ತವೆಂಬುದು ನನಗೆ ಹೊಳೆದಿರಲಿಲ್ಲ. ಮರುದಿನದಿಂದ ನಾಲ್ಕಕ್ಕೆ ದೊಡ್ಡ ಊಟ, ಎಂಟೂವರೆಗೆ ಇನ್ನೊಂದು, ಕೋಣೆಯ ಫ್ರಿಜ್ಜಿನಲ್ಲಿ ನಡುರಾತ್ರಿಗೆ ಹಣ್ಣು ಮತ್ತು ಮೊಸರು ಎಂದು ನಿಗದಿ ಮಾಡಿದೆ.

ಬಾಣಬಿರುಸಿನ ಹೊತ್ತು ನಮ್ಮ ಕೈಲಿದ್ದ ಅತಿ ದೊಡ್ಡ ಆಸ್ತಿ. ಒಂದು ರಾತ್ರಿ ಎಲ್ಲರ ಜೊತೆ ನಿಂತು ಅದನ್ನು ಕಣ್ತುಂಬ ನೋಡಿದೆವು, ಇನ್ನೊಂದು ರಾತ್ರಿ ಅದೇ ಹೊತ್ತಿಗೆ ರೈಡುಗಳಿಗೆ ಹೋದೆವು. ಜನವೆಲ್ಲ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮುಂದೆ ಸೇರಿರುವುದರಿಂದ ಹಿಂದಿನ ಭಾಗ ಬಹುಪಾಲು ಖಾಲಿ. ಮುಚ್ಚುವ ಗಂಟೆ ಹೊಡೆಯುವ ಮೊದಲು ಸಾಲಿನಲ್ಲಿ ನಿಂತವರನ್ನು ರೈಡಿಗೆ ಬಿಟ್ಟೇ ಕಳಿಸುತ್ತಾರೆ. ಆದ್ದರಿಂದ ಅತಿ ಉದ್ದದ ಸಾಲಿರುವ ರೈಡಿಗೆ ನಾವು ಸೇರುತ್ತಿದ್ದದ್ದು ಕೊನೆಯ ಹತ್ತು ನಿಮಿಷದಲ್ಲಿ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 10:52ಕ್ಕೆ ನಿಂತೆವು, ಫಲಕದಲ್ಲಿ 45 ನಿಮಿಷವೆಂದಿತ್ತು, 11:15ಕ್ಕೆ ಗಾಡಿಯಲ್ಲಿ ಕುಳಿತಿದ್ದೆವು.

ಹೆಚ್ಚುವರಿ ಎರಡು ಗಂಟೆಯ ರಾತ್ರಿ ಅತ್ತೆಯವರು ತಾವಾಗಿಯೇ ಎಚ್ಚರವಿರುತ್ತೇನೆಂದು ಹಟ ಹಿಡಿದರು. ಮ್ಯಾಜಿಕ್ ಕಿಂಗ್‌ಡಮ್‌ನ ಕುದುರೆ ತಿರುಗಣಿ 1917ರಲ್ಲಿ ಮಾಡಿದ್ದು, ಪಾರ್ಕ್ ಹುಟ್ಟುವುದಕ್ಕಿಂತ ಅರ್ಧ ಶತಮಾನ ಹಳೆಯದು. ಅವರಿಗೆ ಕುದುರೆ ಏರುವುದು ಕಷ್ಟ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಥದಂತಿದ್ದ ಮರದ ಆಸನದಲ್ಲಿ ಮಗಳ ಪಕ್ಕ ಕುಳಿತರು. ದೀಪಗಳ ಬೆಳಕು ಅವರ ಕನ್ನಡಕದ ಮೇಲೆ ಸುತ್ತು ಸುತ್ತಾಗಿ ಜಾರುತ್ತಿತ್ತು. ಸಾಲಿನಲ್ಲಿ ಯಾರೂ ಇಲ್ಲದ್ದರಿಂದ ಇಳಿದವರು ಮತ್ತೆ ಹೋಗಿ ಅದೇ ಆಸನದಲ್ಲಿ ಕುಳಿತರು, ಮೂರು ಸಲ.

ಕೊನೆಯ ದಿನದ ಒಂದು ವಿಷಯ ಉಳಿಯಿತು. ಕೋಣೆ ತೆರವು ಮಾಡಬೇಕಾದದ್ದು ಬೆಳಿಗ್ಗೆ 11ಕ್ಕೆ, ನಾವು ಏಳುವುದು ಹತ್ತೂವರೆಗೆ. ಅದಕ್ಕಾಗಿ ಹಿಂದಿನ ದಿನ ಪಾರ್ಕಿಗೆ ಹೊರಡುವ ಮೊದಲೇ, ಅಂದರೆ ಮಧ್ಯಾಹ್ನ ಹನ್ನೆರಡಕ್ಕೇ, ಪೆಟ್ಟಿಗೆಗಳನ್ನೆಲ್ಲ ಕಟ್ಟಿ, ಮರುದಿನ ಉಡುವ ಬಟ್ಟೆ ಮಾತ್ರ ಕುರ್ಚಿಯ ಮೇಲಿಟ್ಟೆ. ವಿಮಾನ ರಾತ್ರಿಯದನ್ನೇ ಆರಿಸಿದ್ದೆ. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮಕ್ಕಳು ಕಣ್ಣುಜ್ಜುತ್ತಾ ಲಿಫ್ಟಿನಲ್ಲಿ ಇಳಿದಾಗ ಅತ್ತೆಯವರು ಕೆಳಗೆ ಪೆಟ್ಟಿಗೆಗಳ ಪಕ್ಕ ಕುಳಿತು, ಆ ಬೆಳಗಿನ ಕೊನೆಯ ಮಾನೊರೈಲು ಸುತ್ತು ಮುಗಿಸಿ ನಮಗಾಗಿ ಕಾಯುತ್ತಿದ್ದರು.