ಕೊಲೆ ಕಿರ್ದಿಯಾಗ, ಕಥಿ ಬಂದಂಗ: ಪತ್ತೇದಾರಿ ಕಾದಂಬರಿ ಬರದ ನನ್ನ ಅನುಭವ

ಗಂಗಾವತ್ಯಾಗ ಒಂದು ರೈಸ್ ಮಿಲ್‌ನಾಗ ಲೆಕ್ಕ ಬರಿಯೋದು ನನ್ನ ಕೆಲಸ, ರಾತ್ರಿ ಊಟ ಆದಮ್ಯಾಲೆ ಕಾದಂಬರಿ ಬರೀತೀನಿ. ಇಲ್ಲಿತನಕ ಮೂರು ಪತ್ತೇದಾರಿ ಮುಗಿಸೀನಿ, ಅದ್ರಾಗ ಮೂರನೇದು ಮಾತ್ರ ನನಗ ಪೂರ್ತಿ ಸಮಾಧಾನ ಕೊಟ್ಟದ್ದು. ಎಲ್ಲಾ ಮೊದಲ ಪ್ಲಾನ್ ಮಾಡ್ಕೊಂಡು ಕುಂದ್ರಬೇಕೋ, ಬಂದಂಗ ಬರಕೊಂತ ಹೋಗಬೇಕೋ ಅಂತ ಹೊಸದಾಗಿ ಬರಿಯೋ ಹುಡುಗ್ರು ಕೇಳ್ತಿರ್ತಾರ. ಅದಕ್ಕ ನಾ ಹೆಂಗ ಮಾಡಿದೆ ಅನ್ನೋದನ್ನ ಹೇಳ್ತೀನಿ.

ಮೊದಲನೇದನ್ನ ಬಂದಂಗ ಬರದೆ. ಬರಿಯುವಾಗ ಭಾಳ ಖುಷಿ ಇತ್ತು, ದಿನಾ ರಾತ್ರಿ ಏನಾಗ್ತದೋ ಅಂತ ನನಗ ಕುತೂಹಲ. 140ನೇ ಪೇಜಿಗೆ ಬಂದಾಗ ಐದು ಮಂದಿ ಮ್ಯಾಲೆ ಅನುಮಾನ, ಐದೂ ಮಂದಿಗೆ ಕಾರಣ ಐತಿ, ಯಾರನ್ನ ಹಿಡಿದ್ರೂ ನಡೀತಿತ್ತು. ಯಾರನ್ನ ಹಿಡಿದ್ರೂ ನಡೀತದ ಅಂದ್ರ ಅದು ಪತ್ತೇದಾರಿ ಆಗಂಗಿಲ್ಲ, ಓದೋರು ಕೊನೀಗೆ ಬಂದು ಹಿಂದಿನ ಪೇಜ್ ತಿರುವಿದ್ರ ಸುಳಿವು ಅಲ್ಲೇ ಕಣ್ಣೆದುರಿಗೆ ಬಿದ್ದಿರಬೇಕು. ನಾನು ಹೊರಗಿಂದ ಒಬ್ಬನ್ನ ಕರ್ಕೊಂಬಂದು ಅವನ ತಲಿಗೆ ಕಟ್ಟಿ ಮುಗಿಸ್ದೆ. ನಮ್ಮಾಕಿ ಓದಿ "ಇಂವ ಯಾವಾಗ ಬಂದ್ನ್ರಿ?" ಅಂತ ಒಂದ ಮಾತು ಕೇಳಿದ್ಲು.

ಅದಕ್ಕ ಎರಡನೇದಕ್ಕ ಮೂರು ತಿಂಗಳು ಬರೇ ಪ್ಲಾನ್. ಗೋಡಿಗೆ ಚಾರ್ಟ್ ಹಚ್ಚಿ 42 ಚಾಪ್ಟರ್ ಬರದಿಟ್ಟೆ, ಯಾವ ಚಾಪ್ಟರ್‌ನಾಗ ಯಾರು ಏನು ಹೇಳ್ತಾರ ಅನ್ನೋತನಕ. ಆದ್ರ ಬರಿಯಾಕ ಕುಂತ್ರ ಎಲ್ಲಾರೂ ಪಂಚನಾಮೆಗೆ ಹೇಳಿಕೆ ಕೊಟ್ಟಂಗ ಮಾತಾಡಾಕ ಹತ್ತಿದ್ರು. ಪಿಎಸ್‌ಐ ಕೇಳೋ ಪ್ರಶ್ನೆ ಎಲ್ಲಾ ನನ್ನ ಹತ್ರ ಉತ್ತರ ರೆಡಿ ಇರೋ ಪ್ರಶ್ನೆನ. ಓದಿದ ಗೆಳೆಯನಿಗೆ 11ನೇ ಚಾಪ್ಟರ್‌ಗೆ ಕೊಲೆಗಾರ ಗೊತ್ತಾಗಿಬಿಟ್ಟಿದ್ದ. ಹೆಂಗ ಅಂದ್ರ, "ಉಳಿದೋರ ಮನೀ ಒಳಗೆಲ್ಲಾ ಹೋಗಿ ಬರದೀಯಲೇ, ಇವನೊಬ್ಬನ ಮನೀ ಹೊಸ್ತಿಲಾ ದಾಟಿಲ್ಲ ನೀನು" ಅಂದ. ಗುಟ್ಟು ಬಿಟ್ಟುಕೊಡಬಾರ್ದು ಅಂತ ನಾನು ಅವನ ಹತ್ರ ಹೋಗೋದ ಬಿಟ್ಟಿದ್ದೆ, ಆ ಖಾಲಿ ಜಾಗಾನ ಅವನನ್ನ ಹಿಡಿದುಕೊಡ್ತು. ಈ ಮಾತು ನನಗ ಬ್ಯಾರೆ ಯಾವ ಪಾಠಕ್ಕಿಂತ ಹೆಚ್ಚು ಕಲಿಸೈತಿ.

ಮೂರನೇದನ್ನ ಶುರು ಮಾಡುವಾಗ ದಾರಿ ಸಿಕ್ಕಿದ್ದು ಮಿಲ್‌ನಾಗ, ನನ್ನ ಟೇಬಲ್ ಮ್ಯಾಲೆ. ನಾವು ಲೆಕ್ಕದೋರು ಕಿರ್ದಿ, ಖಾತೆ ಅಂತ ಎರಡು ಬುಕ್ ಇಡ್ತೀವಿ. ಕಿರ್ದಿಯೊಳಗ ಆವತ್ತು ಏನೇನು ಆತು ಅನ್ನೋದು ತಾರೀಖು ಪ್ರಕಾರ ಸಾಲಾಗಿ ಬರ್ತದ, ಅದನ್ನ ಆಮ್ಯಾಲೆ ಒಬ್ಬೊಬ್ಬರ ಹೆಸರಿನ ಖಾತೆಗೆ ಎತ್ತಿ ಬರೀತೀವಿ. ಕಿರ್ದಿ ಹಾಳಿ ಹರಿಯೋ ಹಂಗಿಲ್ಲ, ತಪ್ಪಾದ್ರ ಓದಾಕ ಬರೋ ಹಂಗ ಗೀಟು ಹೊಡದು ಪಕ್ಕದಾಗ ಬರೀಬೇಕು. ಕಂಪ್ಯೂಟರ್ ಬಂದ್ರೂ ನಾನು ಕೈಬರಹದ್ದು ಬಿಟ್ಟಿಲ್ಲ. ಅದನ್ನ ಕಾದಂಬರಿಗೂ ಹಚ್ಚಿದೆ.

ಕಿರ್ದಿಯೊಳಗ ನಿಜವಾಗಿ ನಡೆದದ್ದು ಮಾತ್ರ: ಕೊಲೆಗೆ 17 ದಿನ ಮೊದಲಿಂದ ಹೆಣ ಸಿಗೋತನಕ, ಟೈಮ್ ಸಮೇತ, ಒಟ್ಟು 31 ಎಂಟ್ರಿ. ಅದ್ರಾಗ ಪೊಲೀಸರು ಇಲ್ಲ, ತನಿಖಿ ಇಲ್ಲ. ಆಮ್ಯಾಲೆ ಒಬ್ಬೊಬ್ಬರಿಗೂ ಖಾತೆ. ಜಮಾ ಕಡಿ ಅವರು ಕಂಡದ್ದು, ಕೇಳಿದ್ದು. ಖರ್ಚಿನ ಕಡಿ ಅವರು ಯಾರ ಮುಂದಾದ್ರೂ ಬಾಯಿ ಬಿಟ್ಟದ್ದು. ಜಮಾದಾಗ ಖರ್ಚು ಕಳದ್ರ ಉಳಿಯೋ ಬಾಕಿ ಐತಲ್ಲ, ಅದು ಆ ಮನುಷ್ಯ ಬಚ್ಚಿಟ್ಟಿರೋದು. ಕೊನೀ ಪೇಜಿಗೆ ಎಲ್ಲಾರ ಬಾಕಿ ತೀರಬೇಕು, ಇಷ್ಟ ನನ್ನ ಪ್ಲಾನ್. ಪಿಎಸ್‌ಐ ಮೊದಲು ಯಾರ ಮನಿಗೆ ಹೋಗ್ತಾನ, ಯಾರು ಯಾವಾಗ ಸುಳ್ಳು ಹೇಳ್ತಾರ, ಯಾರು ಅಳ್ತಾರ, ಇದ್ಯಾವುದನ್ನೂ ಬರದಿಟ್ಟುಕೊಳ್ಳಲಿಲ್ಲ.

ಕೊಲೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಸುತ್ತ. ಮುನಿರಾಬಾದ್ ಹತ್ರ ಡ್ಯಾಮಿನಿಂದ ಹೊರಟು ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ರಾಯಚೂರು ಕಡಿಗೆ ಹೋಗೋ ನೀರು, ನಮ್ಮ ಭಾಗದ ಭತ್ತ, ಮಿಲ್ಲು, ನನ್ನ ಪಗಾರ ಎಲ್ಲಾ ಅದ್ರ ಮ್ಯಾಲೆನ. 2023ರ ಬ್ಯಾಸಿಗ್ಯಾಗ ಕಿರ್ದಿ ಬರದಾಗ ಕೊಲೆ ತಾರೀಖನ್ನ ಮುಂದಿನ ಏಪ್ರಿಲ್‌ಗೆ ಇಟ್ಟಿದ್ದೆ, ಕಾಲುವ್ಯಾಗ ತುಂಬ ನೀರು, ರಾತ್ರಿ ಹೆಣ ಹಾಕಿದ್ರ ಮುಂಜಾನೆ ಬ್ಯಾರೆ ಊರ ಹತ್ರ ಸಿಗ್ತದ ಅಂತ. ಆ ವರ್ಷ ಮಳಿ ಕೈಕೊಡ್ತು, ಎರಡನೇ ಬೆಳಿಗೆ ನೀರಾ ಬಿಡಲಿಲ್ಲ. 2024ರ ಏಪ್ರಿಲ್‌ನಾಗ ಕಾಲುವಿ ಒಣಗಿ ನಿಂತಿತ್ತು, ನನ್ನ ಹೆಣ ಹಾಕಾಕ ನೀರಿಲ್ಲ. ಓದೋರಿಗೆ ಏನು ಗೊತ್ತಾಗ್ತದ ಅಂತ ಕೆಲವ್ರು ಅಂದ್ರು. ನಮ್ಮ ಕಡಿ ಓದೋರಿಗೆ ಯಾವ ವರ್ಷ ನೀರು ಬಂತು, ಯಾವ ವರ್ಷ ಬರಲಿಲ್ಲ ಅನ್ನೋದು ಮಕ್ಕಳ ಹುಟ್ಟಿದ ತಾರೀಖಿಗಿಂತ ಗಟ್ಟಿ ನೆನಪಿರ್ತದ, ಅವರಿಗೆ ಸುಳ್ಳು ಹೇಳಾಕ ನಾ ತಯಾರಿಲ್ಲ.

ಹಂಗಾಗಿ 2025ಕ್ಕ ತಂದೆ. ಒಂದು ಎಂಟ್ರಿ ಸರಿಸಿದ್ರ ಎಲ್ಲಾ ಖಾತೆಗೂ ಹೋಗಿ ತಿದ್ದಬೇಕು ನೋಡ್ರಿ. 2024 ಜುಲೈ 1ರಿಂದ ಹೊಸ ಕಾನೂನು ಬಂತು, ಕೊಲೆ ಕೇಸು ಹಳೇ ಐಪಿಸಿಯ 302ನೇ ಕಲಮು ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103 ಆತು, ಹೆಣದ ಪಂಚನಾಮೆ ಮೊದಲು ಸಿಆರ್‌ಪಿಸಿ (ತನಿಖಿ, ಕೋರ್ಟ್ ನಡಾವಳಿ ಕಾನೂನು) 174ರ ಕೆಳಗ ಆಗ್ತಿತ್ತು, ಈಗ ಅದ್ರ ಜಾಗಕ್ಕ ಬಂದ ಬಿಎನ್‌ಎಸ್‌ಎಸ್ 194. ಮೊದಲ ಯುಡಿಆರ್ (ಅಸಹಜ ಸಾವು) ಅಂತ ದಾಖಲಾಗಿ ಆಮ್ಯಾಲೆ ಕೊಲೆ ಕೇಸಿಗೆ ತಿರುಗೋ ಸೀನ್ ಪೂರ್ತಿ ಮತ್ತ ಬರದೆ. ಇಂಥವನ್ನ ಬಂದಂಗ ಬರೀಬಾರ್ದು, ಕೇಳಿ ತಿಳ್ಕೊಂಡ ಬರೀಬೇಕು.

ಏಪ್ರಿಲ್‌ನಾಗ ನೀರು ಹೆಂಗ ಬಂದ್ ಮಾಡ್ತಾರ ಅಂತ ತಿಳಿಯಾಕ ಕಾಲುವಿ ನೋಡ್ಕೊಳ್ಳೋ ಒಬ್ಬ ಗ್ಯಾಂಗ್‌ಮ್ಯಾನ್ ಕಾಕಾನ ಹತ್ರ ಹೋಗಿ ಕುಂತೆ. ಕಾಲುವಿ ದಂಡಿ ಮ್ಯಾಲೆ ಜಾಲಿಗಿಡದ ನೆರಳು, ಅಂವ ಬೀಡಿ ಹಚ್ಕೊಂಡು ನನ್ನ ಕಥಿ ಎಲ್ಲಾ ಕೇಳಿದ. ಕೇಳಿ ಹೇಳಿದ, "ತಮ್ಮಾ, ನಮ್ಮ ಕಡಿ ರೈತ ಯಾಂವಾ ಆ ಟೈಮಿನ್ಯಾಗ ಕಾಲುವ್ಯಾಗ ಏನೂ ಬಚ್ಚಿಡಂಗಿಲ್ಲ. ವಾರದಾಗ ನೀರು ಬಂದ್, ತಳ ಕಾಣ್ತತಿ."

ನನಗ ಮೈ ಜುಮ್ಮಂತು. ನನ್ನ ಕಥ್ಯಾಗ ಎಲ್ಲಾರೂ ಅನುಮಾನ ಪಡೋದು ಭತ್ತದ ಬಾಕಿ ಸಲುವಾಗಿ ಜಗಳಾಡಿದ ರೈತನ ಮ್ಯಾಲೆ. ಕೊಂದಾಂವ ಮಿಲ್ ಸಾಹುಕಾರ್ರ ಅಳಿಯ, ಬೆಂಗಳೂರಾಗ ಬೆಳದಾಂವ, ಅವನಿಗೆ ಕಾಲುವಿ ಅಂದ್ರ ಯಾವಾಗ್ಲೂ ತುಂಬಿ ಹರಿಯೋ ನೀರು. ಬ್ಯಾಸಿಗ್ಯಾಗ ಹೆಣ ಒಂದೆರಡು ದಿನಕ್ಕ ಉಬ್ಬಿ ಮ್ಯಾಲೆ ಬರ್ತದ ಅನ್ನೋದು ಅವನಿಗೆ ಗೊತ್ತು, ಅದಕ್ಕ ಗೋಣಿಚೀಲದಾಗ ಕಲ್ಲು ಕಟ್ಟಿ ಮುಳುಗಿಸ್ತಾನ. ನೀರಾ ಹೋಗ್ತದ ಅನ್ನೋದು ಮಾತ್ರ ಗೊತ್ತಿಲ್ಲ. ನೀರು ಬಂದ್ ಆದ ಮೂರನೇ ದಿನ ಕೆಸರಿನ್ಯಾಗ ಚೀಲ ಕಾಣ್ತದ, ಚೀಲದ ಮ್ಯಾಲೆ ಮಿಲ್ಲಿನ ಮಾರ್ಕು. ಇಡೀ ಕಾದಂಬರಿಯ ದೊಡ್ಡ ಸುಳಿವು ಇದು, ಹೊಳಿಸಿದ್ದು ಆ ಕಾಕಾ. ಕಿರ್ದಿ ಗಟ್ಟಿ ಇದ್ದದ್ದಕ್ಕ ಆ ಮಾತು ಎಲ್ಲಿ ಕುಂದ್ರಬೇಕು ಅಂತ ತಟ್ಟನೆ ತಿಳೀತು.

ಇನ್ನೊಂದು ಬರಿಯೋ ಹೊತ್ತಿನ್ಯಾಗ ಆದದ್ದು. ಕೊಲೆ ರಾತ್ರಿ ಅಳಿಯ ಮಿಲ್ಲಿನ್ಯಾಗ ನಿಂತು ಭತ್ತದ ಲಾರಿ ಖಾಲಿ ಮಾಡಸ್ತಿದ್ದ ಅನ್ನಾಕ ತೂಕದ ಚೀಟಿ ಸಾಕ್ಷಿ: ತುಂಬಿದ ಲಾರಿ 9.10ಕ್ಕ, ಖಾಲಿ ಲಾರಿ 9.35ಕ್ಕ. ಇದನ್ನ ಮೊಬೈಲ್ ಟವರ್ ಲೊಕೇಶನ್‌ನಿಂದ ಮುರಿಬೇಕಂತ ಇಟ್ಟಿದ್ದೆ. ಒಂದು ಸಣ್ಣ ಸೀನ್ ಬರೀತಿದ್ದೆ, ಪಿಎಸ್‌ಐ ಗೇಟ್ ಹತ್ರ ಚಾ ಕುಡಿಯುವಾಗ ಒಬ್ಬ ಮುದುಕ ಹಮಾಲ ಬಂದು ಪಕ್ಕದಾಗ ಕುಂದ್ರತಾನ, ಅಷ್ಟ. ಅವನ ಬಾಯಿಂದ ಒಂದು ಮಾತು ಹೊರಗ ಬಂತು: "ಆವತ್ತು ನಾವು ಐದ ಮಂದಿ ಇದ್ವಿ ಸಾಹೇಬ್ರ, ಉಳಿದೋರು ಜಾತ್ರಿಗೆ ಹೋಗಿದ್ರು."

ಪೆನ್ ಅಲ್ಲೇ ನಿಂತು ಹೋತು. ಲಾರ್ಯಾಗ 200 ಚೀಲ, ಒಂದೊಂದು 75 ಕೆಜಿ. ಐದು ಮಂದಿ ಅಂದ್ರ ತಲಿಗೆ 40 ಚೀಲ. 25 ನಿಮಿಷದಾಗ 40 ಚೀಲ ಹೊರೋ ಮನುಷ್ಯನನ್ನ ನಾ 19 ವರ್ಷದಾಗ ನೋಡಿಲ್ಲ. ಹಂಗಾರ ಖಾಲಿ ತೂಕದ ಚೀಟಿ ಹೆಂಗ ಬಂತು? ಲಾರಿ ನಂಬರ್ ಟೈಪ್ ಮಾಡೋದು ತೂಕದ ಹುಡುಗ, ಕಾಟಾ (ಲಾರಿ ತೂಗೋ ತಕ್ಕಡಿ) ಮ್ಯಾಲೆ ಅಂಥದ ಇನ್ನೊಂದು ಖಾಲಿ ಲಾರಿ ನಿಲ್ಲಿಸಿ ಈ ನಂಬರ್ ಹೊಡದ್ರ ಆತು. ಅವತ್ತು ರಾತ್ರಿ ಒಂದೂವರಿತನಕ ಎಚ್ಚರ ಇದ್ದು ಕಿರ್ದಿಯಾಗ 32ನೇ ಎಂಟ್ರಿ ಹಾಕಿದೆ, ತೂಕದ ಹುಡುಗನ ಹೆಸರಿಲೆ ಹೊಸ ಖಾತೆ ತೆರದೆ, ಟವರ್ ಲೊಕೇಶನ್‌ಗೆ ಗೀಟು ಹೊಡದೆ. ಹಮಾಲರ ಸೊಂಟದ ಲೆಕ್ಕಕ್ಕ ಕೊಲೆಗಾರ ಸಿಗಬೇಕು ಅನ್ನೋದು ನನಗ ಬರೇ ತಂತ್ರ ಅಲ್ಲ, ದಿನಾ ಕಣ್ಣೆದುರಿಗೆ ಆ ಚೀಲ ಹೋಗ್ತಾವ.

ಬಂದದ್ದೆಲ್ಲಾ ಇಟ್ಟುಕೊಂಡೆ ಅಂತಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ನಮ್ಮ ಊರು ಪೂರ್ತಿ ಎದಿ ಹಿಡ್ಕೊಂಡು ಕುಂತಿತ್ತು, ಬೆಳಿ ಹೋತು ಅಂತ ಅತ್ತೋರದಾರ. ಆ ಬಿಸಿಯಾಗ ಮೂರು ಚಾಪ್ಟರ್ ಬರದೆ. ಕಿರ್ದಿಗೆ ಕೂಡಿಸಾಕ ನೋಡಿದೆ, ಒಂದು ಎಂಟ್ರಿನೂ ಅದನ್ನ ಬೇಡಲಿಲ್ಲ. ತಗದು ಬ್ಯಾರೆ ಫೈಲ್‌ನಾಗ ಇಟ್ಟೀನಿ, ಅದು ಬ್ಯಾರೆ ಪುಸ್ತಕದ್ದು.

ಈಗ ನಾಲ್ಕನೇದಕ್ಕ ಕಿರ್ದಿ ತುಂಬಾಕ ಹತ್ತೀನಿ, ಆರು ಎಂಟ್ರಿ ಆಗ್ಯಾವ. ಏಳನೇದು ಆನೆಗೊಂದಿ ಹತ್ರ ಹೊಳಿ ದಾಟೋದು, ಅದ್ರ ಮುಂದ ಟೈಮ್ ಇನ್ನಾ ಖಾಲಿ ಬಿಟ್ಟೀನಿ. ಹರಗೋಲು ಸಂಜಿ ಎಷ್ಟಕ್ಕ ನಿಲ್ಲಸ್ತಾರ, ಬೆಳಕು ಎಲ್ಲಿತನಕ ಇರ್ತದ ಅಂತ ಈ ಐತವಾರ ಹೋಗಿ ದಂಡಿಗೆ ಕುಂತು ನೋಡ್ಕೊಂಡು ಬರ್ತೀನಿ.